ಅಂಬತ್ತೂರಿಗೊಂದು, ಸಿರುಸೇರಿಗೊಂದು

ರಾತ್ರಿ ಹನ್ನೊಂದು. ಚೆನ್ನೈನ ಅಂಬತ್ತೂರು ಕೈಗಾರಿಕಾ ವಸಾಹತು. ಹೊರಗೆ ಹಿಂಗಾರು ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಸಂಜೆಯಿಂದ ಫೋನಿಗೆ ಸಂದೇಶಗಳು ಬರುತ್ತಲೇ ಇವೆ. ಡೇಟಾ ಸೆಂಟರಿನ ಗೇಟಿನಲ್ಲಿ ಛತ್ರಿ ಬಿಟ್ಟು, ಬೆರಳೊತ್ತಿ, ಒಂದಾದ ಮೇಲೊಂದು ಎರಡು ಬಾಗಿಲು ದಾಟಿದರೆ ಒಳಗೆ ಬೇರೆಯೇ ಹವೆ. ರ‍್ಯಾಕುಗಳ ಮುಂದೆ ನಿಂತರೆ ತಣ್ಣನೆ ಗಾಳಿ, ಹಿಂದಕ್ಕೆ ಹೋದರೆ ಸುಡುವ ಗಾಳಿ. ಫ್ಯಾನುಗಳ ಮೊರೆತದಲ್ಲಿ ಪಕ್ಕದವರ ಮಾತೂ ಅರ್ಧ ಕೇಳುತ್ತದೆ.

ಈ ಕ್ಲಸ್ಟರಿನಲ್ಲಿ ಹದಿನಾರು ಸರ್ವರುಗಳಿವೆ. ಎಂಟು ಇಲ್ಲಿ, ಇನ್ನೆಂಟು ಊರಿನ ದಕ್ಷಿಣ ತುದಿಯ ಸಿರುಸೇರಿಯಲ್ಲಿ, ಹಳೆ ಮಹಾಬಲಿಪುರಂ ರಸ್ತೆಯಲ್ಲಿ. ನಡುವೆ ಫೈಬರ್. ಅದರಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಲು ಸುಮಾರು 5 ಮೈಕ್ರೋಸೆಕೆಂಡ್ ಸಾಕು. ಹಾಗಾಗಿ ಇಲ್ಲಿ ಬರೆದದ್ದನ್ನು ಆಗಿಂದಾಗಲೇ ಅಲ್ಲೂ ಬರೆದು, ಎರಡೂ ಜಾಗವನ್ನು ಒಂದೇ ಕ್ಲಸ್ಟರ್ ಆಗಿ ನಡೆಸಬಹುದು. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆ ಕೆಲಸ ಎತ್ತಿಕೊಳ್ಳಬೇಕು.

ಚೆನ್ನೈಗೆ ಇದು ಪುಸ್ತಕದ ಪಾಠವಲ್ಲ. 2015ರ ಡಿಸೆಂಬರ್ 1ರಂದು ಅಡ್ಯಾರ್ ನದಿ ಉಕ್ಕಿ ವಿಮಾನ ನಿಲ್ದಾಣವೇ ಮುಚ್ಚಿತು. ಸಿಬ್ಬಂದಿ ಮುದ್ರಣಾಲಯ ತಲುಪಲಾಗದೆ, 1878ರಲ್ಲಿ ಶುರುವಾದ ‘ದಿ ಹಿಂದೂ’ ಮರುದಿನ ಇಲ್ಲಿ ಅಚ್ಚಾಗಲಿಲ್ಲ. ಅಂಥ ಹೊತ್ತಿನಲ್ಲಿ ಡೇಟಾ ಸೆಂಟರಿನೊಳಗೆ ನೀರು ನುಗ್ಗಬೇಕೆಂದೇನೂ ಇಲ್ಲ. ಜನರೇಟರಿಗೆ ಡೀಸೆಲ್ ತರುವ ಟ್ಯಾಂಕರ್ ದಾರಿಯಲ್ಲಿ ಸಿಕ್ಕಿಬಿದ್ದರೂ ಸಾಕು.

ಪಕ್ಕದ ಕುರ್ಚಿಯಲ್ಲಿ ಕೂತಿರುವ ಹುಡುಗಿ ಹೊಸೂರಿನವಳು, ಮನೆಮಾತು ಕನ್ನಡ. ಪರದೆಗೆ ಬೆರಳಿಟ್ಟು ತೋರಿಸುತ್ತಾಳೆ: “ಸರ್, ಜೋಡಿ ಎರಡೂ ಇಲ್ಲೇ ಇವೆ.”

ಅವು ಒಂದು ಆಸ್ಪತ್ರೆಯ ದಾಖಲೆ ಇಡುವ ಎರಡು ವರ್ಚುವಲ್ ಯಂತ್ರಗಳು. ಒಂದು ಬಿದ್ದರೆ ಇನ್ನೊಂದು ಇರಲಿ ಎಂದೇ ಎರಡು ಮಾಡಿದ್ದು. ಈಗ ಎರಡೂ ಅಂಬತ್ತೂರಿನಲ್ಲಿ, ಅದೂ ಒಂದೇ ಸರ್ವರಿನ ಮೇಲೆ ಕೂತಿವೆ. ಹಾಗೆ ಕೂರಿಸಿದ್ದು ಯಾರೂ ಅಲ್ಲ. ವಿಎಂವೇರಿನ ಡಿಆರ್‌ಎಸ್ ಪ್ರತಿ ಯಂತ್ರಕ್ಕೆ ಬೇಕಾದದ್ದು ಯಾವ ಸರ್ವರಿನಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ನೋಡಿ ಅವನ್ನು ಅತ್ತಿತ್ತ ಸರಿಸುತ್ತದೆ. ಇವು ಜೋಡಿ ಎಂಬುದು ನಾವು ಹೇಳದೆ ಅದಕ್ಕೆ ಗೊತ್ತಾಗುವುದಿಲ್ಲ.

ಯಾವ ಯಂತ್ರ ಎಲ್ಲಿರಬೇಕೆಂದು ಹೇಳುವ ದಾರಿ ವಿಎಂವೇರಿನದೇ ವಿಸ್ಫಿಯರ್ ತಂತ್ರಾಂಶದ 2010ರ 4.1 ಆವೃತ್ತಿಯಿಂದಲೂ ಇದೆ. ವರ್ಚುವಲ್ ಯಂತ್ರಗಳದ್ದೊಂದು ಗುಂಪು, ಸರ್ವರುಗಳದ್ದೊಂದು ಗುಂಪು, ಎರಡನ್ನೂ ಬೆಸೆಯುವ ಒಂದು ನಿಯಮ. ತೊಡಕೆಂದರೆ ಗುಂಪು ಬರೀ ಹೆಸರುಗಳ ಪಟ್ಟಿ. ನಿನ್ನೆ ಹುಟ್ಟಿದ ಯಂತ್ರ ತಾನಾಗಿ ಅದರೊಳಗೆ ಸೇರುವುದಿಲ್ಲ. ಇವತ್ತು ಜೋಡಿಸಿದ ಹೊಸ ಸರ್ವರೂ ಅಷ್ಟೇ. ಯಾರಾದರೂ ನೆನಪಿಟ್ಟು ಸೇರಿಸಬೇಕು. ನೂರಾರು ಯಂತ್ರಗಳಿರುವ ಕಡೆ ನೆನಪನ್ನು ನಂಬಿ ಕೂರಬಾರದು. ಆ ಕೆಲಸ ಸ್ಕ್ರಿಪ್ಟಿನದು.

ಪವರ್‌ಸಿಎಲ್‌ಐ ಎಂಬ, ವಿಎಂವೇರಿಗೆ ಆದೇಶ ಬರೆಯುವ ಕಿಟಕಿ ತೆರೆಯುತ್ತದೆ. ಹೆಚ್ಚಿನ ಯಂತ್ರಗಳಿಗೆ ಅವುಗಳ ಜಾಗ ಹೇಳುವ ಟ್ಯಾಗ್ ಅಂಟಿಸಿದೆ. ಸ್ಕ್ರಿಪ್ಟ್ ಟ್ಯಾಗುಗಳನ್ನು ಓದುತ್ತದೆ, ಗುಂಪಿನಲ್ಲಿ ಈಗಿರುವ ಪಟ್ಟಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡುತ್ತದೆ, ಬಿಟ್ಟುಹೋದದ್ದನ್ನು ಸೇರಿಸುತ್ತದೆ, ಸಲ್ಲದ್ದನ್ನು ತೆಗೆಯುತ್ತದೆ. ಮೊದಲು ‘ವಾಟ್‌ಇಫ್’ ಹಾಕಿ ಓಡಿಸುತ್ತೇವೆ. ಏನೇನು ಬದಲಾಗಲಿದೆ ಎಂದು ಸಾಲುಸಾಲಾಗಿ ಬರುತ್ತದೆ, ಬದಲಾವಣೆ ಮಾತ್ರ ಆಗಿರುವುದಿಲ್ಲ.

ನಿಯಮದ ಸಾಲಿನಲ್ಲಿ ಅವಳು ‘ಮಸ್ಟ್‌ರನ್‌ಆನ್’ ಎಂದು ಬರೆದಿದ್ದಾಳೆ.

“ಅದು ಬೇಡಮ್ಮ. ನಾಳೆ ಅಂಬತ್ತೂರು ಪೂರ್ತಿ ಕೂತುಹೋಯ್ತು ಅಂದ್ಕೋ. ಬಿದ್ದ ಯಂತ್ರಗಳನ್ನ ಮತ್ತೆ ಶುರುಮಾಡೋ ಎಚ್‌ಎ ಈ ಯಂತ್ರಗಳನ್ನ ಸಿರುಸೇರೀಲಿ ಎಬ್ಬಿಸ್ಬೇಕು. ಇಲ್ಲೇ ಇರಬೇಕು ಅಂತ ನೀನು ಕಟ್ಟಿಹಾಕಿದ್ರೆ ಎಬ್ಬಿಸಲ್ಲ.”

ಅವಳು ತಕ್ಷಣ ‘ಶುಡ್‌ರನ್‌ಆನ್’ ಎಂದು ತಿದ್ದುತ್ತಾಳೆ. ಕಟ್ಟುನಿಟ್ಟಿನ ನಿಯಮಕ್ಕೂ ಜಾಗವಿದೆ: ಇಂತಿಷ್ಟೇ ಸರ್ವರುಗಳಿಗೆಂದು ಲೈಸೆನ್ಸ್ ಕೊಂಡ ಡೇಟಾಬೇಸು ಬೇರೆ ಸರ್ವರಿಗೆ ಕಾಲಿಡಬಾರದು. ಆದರೆ ಎರಡು ಜಾಗ ಇಟ್ಟದ್ದೇ ಆಪತ್ತಿಗೆಂದಾದಾಗ, ಆಪತ್ತಿನಲ್ಲಿ ಬಿಟ್ಟುಕೊಡುವ ನಿಯಮವೇ ಸರಿ.

ಈಗ ನಿಜವಾದ ಓಟ. ಜೋಡಿಯಲ್ಲೊಂದು ಹೊರಡುತ್ತದೆ. ಡೇಟಾ ಮೊದಲೇ ಎರಡೂ ಕಡೆ ಇರುವುದರಿಂದ ಹೋಗಬೇಕಾದದ್ದು ಮೆಮೊರಿ ಮಾತ್ರ. ಯಂತ್ರ ಕೆಲಸ ಮಾಡುತ್ತಿರುವಾಗಲೇ ಅದರ ಮೆಮೊರಿ ಸಿರುಸೇರಿಗೆ ನಕಲಾಗುತ್ತದೆ. ಅಷ್ಟರಲ್ಲಿ ಬದಲಾದ ಪುಟಗಳು ಮತ್ತೊಮ್ಮೆ, ಅಷ್ಟರಲ್ಲಿ ಬದಲಾದವು ಇನ್ನೊಮ್ಮೆ. ಉಳಿದದ್ದು ತೀರಾ ಕಮ್ಮಿಯಾದಾಗ ಇಲ್ಲಿ ಕ್ಷಣ ನಿಂತು ಅಲ್ಲಿ ಮುಂದುವರಿಯುತ್ತದೆ. ಇನ್ನೊಂದು ಕಿಟಕಿಯಲ್ಲಿ ಪಿಂಗ್ ಓಡುತ್ತಿದೆ. ಒಂದು ಉತ್ತರ ತುಸು ತಡವಾಗಿ ಬಂತು, ಅಷ್ಟೇ. ಆಸ್ಪತ್ರೆಯ ರಾತ್ರಿಪಾಳಿಯ ಗುಮಾಸ್ತರಿಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ.

ಕೊನೆಗೆ ಟ್ಯಾಗೇ ಇಲ್ಲದ ಕೆಲವು ಯಂತ್ರಗಳು ಉಳಿಯುತ್ತವೆ.

“ಹೆಸರು ನೋಡಿದ್ರೆ ಟೆಸ್ಟ್ ಯಂತ್ರ ಅನ್ಸತ್ತೆ ಸರ್. ಇಲ್ಲೇ ಹಾಕ್ಬಿಡ್ಲಾ?”

“ಬೇಡ. ಯಾರದು ಅಂತ ಕೇಳೋಣ.”

ಊಹೆ ಮಾಡುವ ಸ್ಕ್ರಿಪ್ಟ್ ತಪ್ಪನ್ನೂ ಚೊಕ್ಕವಾಗಿ, ದಿನಾ ತಪ್ಪದೆ ಮಾಡುತ್ತದೆ. ಆದ್ದರಿಂದ ನಮ್ಮ ಸ್ಕ್ರಿಪ್ಟ್ ಅವನ್ನು ಮುಟ್ಟುವುದಿಲ್ಲ. ಪಟ್ಟಿ ಮಾಡಿ ಮೇಲ್ ಕಳಿಸುತ್ತದೆ. ಯಾವ ಯಂತ್ರ ಎಲ್ಲಿರಬೇಕು, ಅದರ ಜೋಡಿ ಯಾವುದು, ಅದನ್ನು ನೆಚ್ಚಿಕೊಂಡವರು ಯಾರು ಎಂಬುದು ಅದನ್ನು ಕೇಳಿ ಪಡೆದವರಿಗೇ ಗೊತ್ತು. ಹುಟ್ಟುವಾಗಲೇ ಅವರಿಂದ ಬರೆಸಿಕೊಂಡರೆ ಉಳಿದದ್ದನ್ನೆಲ್ಲ ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ. ಹೊಸ ಯಂತ್ರ ಕೇಳುವ ಅರ್ಜಿಯಲ್ಲಿ ಅವಳು ಒಂದು ಕಾಲಂ ಸೇರಿಸುತ್ತಾಳೆ: ಜಾಗ. ಅದನ್ನು ತುಂಬದೆ ಇನ್ನು ಅರ್ಜಿ ಮುಂದೆ ಹೋಗದು.