ಅಣ್ಣನ ಆಟದ ಪೆಟ್ಟಿಗೆ

ಇರಲಾರದೆ ಇರುವೆ ಬಿಟ್ಟುಕೊಳ್ಳುವ ಕೆಲಸಗಳಲ್ಲಿ ಈ ಕಾಲದ ದೊಡ್ಡ ಕೆಲಸ ಯಾವುದೆಂದು ಕೇಳಿದರೆ 'ಅಪ್‌ಡೇಟ್' ಎಂದು ಕಣ್ಣು ಮುಚ್ಚಿ ಹೇಳಿಬಿಡಬಹುದು. ಕೈಯ ಫೋನು ನೆಟ್ಟಗೆ ಕೆಲಸ ಮಾಡುತ್ತಿರುತ್ತದೆ. ಅಪ್‌ಡೇಟ್ ಮಾಡೆಂದು ತಾನೇ ಪೀಡಿಸುತ್ತದೆ. ಮಾಡಿದ ಮರುದಿನ ಅದರ ಗುರುತುಗಳೆಲ್ಲ ಜಾಗ ಬದಲಿಸಿ, ಎದುರುಮನೆಗೆ ಬಾಡಿಗೆಗೆ ಬಂದ ಹೊಸಬರಂತೆ ನಮ್ಮನ್ನು ನೋಡುತ್ತವೆ. ಈ ವಿಷಯದಲ್ಲಿ ನಾನು ಪಕ್ಕಾ ಸನಾತನಿ. ಹಾಗಿದ್ದೂ ಕಳೆದ ತಿಂಗಳು ಒಂದು ಆಟದ ಯಂತ್ರಕ್ಕೆ ಅಪ್‌ಡೇಟ್ ಮಾಡಲು ನಾನೇ ಟೊಂಕ ಕಟ್ಟಿ ನಿಂತೆ.

ಯಂತ್ರ ನಮ್ಮಣ್ಣನದು. ಹೆಸರು ಮಿಯೂ ಮಿನಿ ಪ್ಲಸ್. 2023ರಲ್ಲಿ ಚೀನಾದಲ್ಲಿ ಹುಟ್ಟಿದ್ದು. ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಮೂರೂವರೆ ಅಂಗುಲದ ಪರದೆ. ಇದಕ್ಕೆ ತನ್ನದೆಂಬ ಆಟವೊಂದೂ ಇಲ್ಲ. ಎಮ್ಯುಲೇಟರ್ ಎಂಬ ತಂತ್ರದ ಬಲದಿಂದ ಹಳೆಯ ಯಂತ್ರಗಳ ವೇಷ ಹಾಕಿ, ಅವುಗಳ ಆಟವನ್ನು ಆಡಿಸುವ ಬಹುರೂಪಿ ಇದು.

ಅಣ್ಣನಿಗೆ ಬೇಕಾದದ್ದು ಒಂದೇ ವೇಷ, ಒಂದೇ ಆಟ: ಗೇಮ್ ಬಾಯ್, ಟೆಟ್ರಿಸ್. ಅಲೆಕ್ಸಿ ಪಜಿತ್ನೋವ್ 1984ರಲ್ಲಿ ಮಾಸ್ಕೋದಲ್ಲಿ ರಚಿಸಿದ ಆಟ ಅದು. 1989ರಲ್ಲಿ ಜಪಾನಿನ ನಿಂಟೆಂಡೋ ಕಂಪನಿಯ ಗೇಮ್ ಬಾಯ್ ಜೊತೆಗೂಡಿ ಲೋಕ ಸುತ್ತಿತು. ಗೇಮ್ ಬಾಯ್ ಕಟ್ಟಿದ ಗುನ್‌ಪೆಯ್ ಯೊಕೊಯ್, ಹಳತಾಗಿ ಅಗ್ಗವಾದ ತಂತ್ರವನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂದು ನಂಬಿದ್ದವರು. ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಿ ಮುಗಿಸುತ್ತಿದ್ದ ನಮ್ಮಣ್ಣನಿಗೆ ಈ ಸಿದ್ಧಾಂತ ಬಹಳ ಹಿಡಿಸಿತ್ತು. ಲೆಕ್ಕಪತ್ರದ ಇಲಾಖೆಯಲ್ಲಿ ಮೂವತ್ತು ವರ್ಷ ಅಂಕಿಯ ಕೆಳಗೆ ಅಂಕಿ ಕೂರಿಸಿದವನಿಗೆ, ನಿವೃತ್ತಿಯಾದ ಮೇಲೆ ಇಟ್ಟಿಗೆಯ ಮೇಲೆ ಇಟ್ಟಿಗೆ ಕೂರಿಸುವುದು ಪಿಂಚಣಿಯಷ್ಟೇ ಸಹಜವಾಗಿ ಒದಗಿಬಂತು.

ಹೋದ ಆಷಾಢದಲ್ಲಿ ಅಣ್ಣ ತೀರಿಕೊಂಡ. ತಿಂಗಳ ಮೇಲೆ ಅತ್ತಿಗೆ ಯಂತ್ರವನ್ನು ನನ್ನ ಕೈಗಿಟ್ಟರು. ಹಚ್ಚಿದೆ. ಅವನು ಕೊನೆಯ ಬಾರಿ ನಿಲ್ಲಿಸಿದ್ದ ಆಟ ನಿಲ್ಲಿಸಿದಂತೆಯೇ ಎದುರಿಗೆ ಬಂತು. ಆಸ್ಪತ್ರೆಗೆ ಹೊರಡುವಾಗ ತಡೆದಿಟ್ಟದ್ದು.

ಹಿಂದಿನ ಗೇಮ್ ಬಾಯ್ ಆಗಿದ್ದರೆ ಇದು ಸಾಧ್ಯವಿರಲಿಲ್ಲ. ಟೆಟ್ರಿಸ್ ಕಾರ್ಟ್ರಿಜ್‌ನಲ್ಲಿ ನೆನಪು ಉಳಿಸುವ ಬ್ಯಾಟರಿಯೇ ಇರಲಿಲ್ಲ. ಗುಂಡಿ ಆರಿಸಿದರೆ ಗಳಿಸಿದ ಅಂಕವೆಲ್ಲ ಅಳಿಸಿತು. ಈ ಹೊಸ ಯಂತ್ರದಲ್ಲಿ ಅಣ್ಣನ ಮಗ, ತಯಾರಕರು ಕೊಟ್ಟ ತಂತ್ರಾಂಶದ ಬದಲು, ಉತ್ಸಾಹಿಗಳು ಬಿಡುವಿನಲ್ಲಿ ಬರೆದು ಪುಕ್ಕಟೆ ಹಂಚುವ ಇನ್ನೊಂದನ್ನು ಹಾಕಿದ್ದ. ಅದರ ಹೆಸರು ಆನಿಯನ್. ಯಂತ್ರ ಆರಿಸಿದಾಗ ಆ ಕ್ಷಣದ ಚಿತ್ರವನ್ನು ಅದು ಕಾರ್ಡಿನಲ್ಲಿ ಬರೆದಿಡುತ್ತದೆ.

ತೊಂದರೆ ಶುರುವಾದದ್ದು ಆ ಕಾರ್ಡಿನಿಂದಲೇ. ಇಂಥ ಯಂತ್ರಗಳ ಜೊತೆ ಬರುವ ಅಗ್ಗದ ಮೆಮೊರಿ ಕಾರ್ಡುಗಳು ಅಲ್ಪಾಯುಷಿಗಳು. ನಾಲ್ಕು ಸಲ ಹಚ್ಚಿದರೆ ಒಂದು ಸಲ ಏಳತೊಡಗಿತು. ಅಣ್ಣನ ಮಗ ಪುಣೆಯಿಂದ ಫೋನಿನಲ್ಲಿ ಪರೀಕ್ಷಿಸಿ, "ಚಿಕ್ಕಪ್ಪಾ, ಹಳೆಯ ಈರುಳ್ಳಿ ಕೊಳೆತಿದೆ. ಹೊಸ ಕಾರ್ಡಿಗೆ ಹೊಸ ಈರುಳ್ಳಿ ಹಾಕಬೇಕು" ಎಂದ. ನನ್ನಾಕೆ ಒಳಗಿನಿಂದಲೇ, "ಈ ಹೊತ್ತು ಏಕಾದಶಿ, ಈರುಳ್ಳಿ ಹಾಕುವ ಮಾತೇನು?" ಎಂದಳು. ಬೇರೊಂದು ಕಂಪನಿಯ ಯಂತ್ರಕ್ಕೆ ಹಾಕುವ ತಂತ್ರಾಂಶದ ಹೆಸರು ಗಾರ್ಲಿಕ್, ಎಂದರೆ ಬೆಳ್ಳುಳ್ಳಿ, ಎಂಬುದನ್ನು ನಾನು ಹೇಳಲು ಹೋಗಲಿಲ್ಲ.

ಯಂತ್ರ ಹಾಳಾಗುವ ಭಯ ನನಗಿರಲಿಲ್ಲ. 2004ರಲ್ಲಿ ಬಂದ ಸೋನಿಯ ಪಿಎಸ್‌ಪಿಯಲ್ಲಿ ತಂತ್ರಾಂಶ ಯಂತ್ರದ ಹೊಟ್ಟೆಯೊಳಗೇ ಇತ್ತು. ಬದಲಿಸುವ ನಡುವೆ ಬ್ಯಾಟರಿ ಕೈಕೊಟ್ಟರೆ ಯಂತ್ರ 'ಇಟ್ಟಿಗೆ'ಯಾಯಿತು ಎನ್ನುತ್ತಿದ್ದರು. ಆನಿಯನ್ ಇರುವುದು ಕಾರ್ಡಿನಲ್ಲೇ. ಕಾರ್ಡು ಕಿತ್ತರೆ ಯಂತ್ರ ಬಂದಂತೆಯೇ ಉಳಿದೀತು. ಆದರೆ ಹುಡುಗ ಇನ್ನೊಂದು ಮಾತು ಹೇಳಿದ. ಆಟ ತಾನಾಗಿ ಬರೆದಿಡುವ ಲೆಕ್ಕ ಒಂದು ಬಗೆ. ಅದು ಎಲ್ಲಿಗೆ ಒಯ್ದರೂ ನಡೆಯುತ್ತದೆ. ಎಮ್ಯುಲೇಟರ್ ಹಿಡಿದಿಟ್ಟ ಕ್ಷಣಚಿತ್ರ ಇನ್ನೊಂದು ಬಗೆ. ಎಮ್ಯುಲೇಟರ್ ಹೊಸದಾದರೆ ಹಳೆಯ ಚಿತ್ರ ಅದಕ್ಕೆ ಅರ್ಥವಾಗದೆ ಹೋಗಬಹುದು. ವೇಷಧಾರಿಯನ್ನು ನಡುವೆ ಬದಲಿಸಿದರೆ, ಹಿಂದಿನವನು ಅರ್ಧಕ್ಕೆ ಬಿಟ್ಟ ಮಾತನ್ನು ಹೊಸಬ ಎತ್ತಿಕೊಂಡಾನೆಂಬ ಭರವಸೆ ಏನು?

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಲೆಕ್ಕ ತೆಗೆಯಿತು. ಆ ದೇಶದಲ್ಲಿ ಹೊರಬಂದ ಹಳೆಯ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲಿ ಸಿಗುವುದೇ ಇಲ್ಲವಂತೆ. ಆಟಗಳನ್ನು ಕಾಪಾಡಲು ಹೀಗೆ ಸಂಸ್ಥೆಗಳಿವೆ. ಒಬ್ಬ ಮನುಷ್ಯ ಆಡಿ ಬಿಟ್ಟ ಅರ್ಧ ಆಟವನ್ನು ಕಾಪಾಡುವವರು ಮನೆಯವರೇ.

ಎಸ್.ಪಿ. ರಸ್ತೆಯಿಂದ 32 ಜಿಬಿಯ ಒಳ್ಳೆಯ ಕಾರ್ಡು ತಂದೆ. ಹಳೆಯದನ್ನು ಮೊದಲು ಹಾಗೆಹಾಗೇ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಪ್ರತಿ ಮಾಡಿದೆ. ಹೊಸದನ್ನು 'ಫ್ಯಾಟ್ 32' ಎಂಬ ಕ್ರಮದಲ್ಲಿ ಹಸನು ಮಾಡಿ, ಹೊಸ ಆನಿಯನ್ ಬಿಡಿಸಿ, ಆಟಗಳನ್ನೂ ಅಣ್ಣನ ಕಡತಗಳನ್ನೂ ಅವುಗಳ ಜಾಗದಲ್ಲಿಟ್ಟೆ. ಟೆಟ್ರಿಸ್ ಪ್ರತಿ ಮಗ ತನ್ನ ಸ್ವಂತ ಕಾರ್ಟ್ರಿಜ್‌ನಿಂದಲೇ ತೆಗೆದುಕೊಟ್ಟದ್ದು. ಇಲ್ಲವಾದರೆ ತಂತ್ರಾಂಶ ಪುಕ್ಕಟೆಯಾದರೂ ಆಟದ ಹಕ್ಕು ಅದರ ಒಡೆಯರದೇ ಎಂದು ಅಣ್ಣನೇ ಆಕ್ಷೇಪಣೆ ಬರೆಯುತ್ತಿದ್ದ.

ಕಾರ್ಡು ಸಿಕ್ಕಿಸಿ ಹಚ್ಚುವ ಹೊತ್ತಿಗೆ ಅತ್ತಿಗೆಯೂ ಬಂದಿದ್ದರು. ಪರದೆಯ ಮೇಲೆ ಏನೇನೋ ಅಕ್ಷರ ಹರಿದು, ಕೆಲವು ನಿಮಿಷ ಕಾಯಿಸಿ, ಯಂತ್ರ ತಾನೇ ಆರಿ ಮತ್ತೆ ಹತ್ತಿತು. ಟೆಟ್ರಿಸ್ ತೆರೆದೆ. ಬಂತು. ತಡೆದಿಟ್ಟಾಗ ಟೆಟ್ರಿಸ್ ಇಟ್ಟಿಗೆಗಳನ್ನು ಮರೆಮಾಡಿ ಒಂದು ಸೂಚನೆ ತೋರಿಸುತ್ತದೆ. ಅದೇ ಸೂಚನೆ.

"ಏನು ಬರೆದಿದೆ?" ಎಂದರು ಅತ್ತಿಗೆ, ಕನ್ನಡಕ ಏರಿಸಿ.

"ಆಟ ಮುಂದುವರಿಸಬೇಕಾದರೆ ಸ್ಟಾರ್ಟ್ ಗುಂಡಿ ಒತ್ತಿ ಅಂತ."

ಅವರು ಸ್ವಲ್ಪ ಹೊತ್ತು ನೋಡಿದರು. "ಒತ್ತಬೇಡಪ್ಪ. ಆಟದ ನಡುವೆ ಯಾರಾದರೂ ಕೈ ಹಾಕಿದರೆ ಅವರಿಗೆ ಆಗುತ್ತಿರಲಿಲ್ಲ."

ಒತ್ತಲಿಲ್ಲ. ಆನಿಯನ್‌ನಲ್ಲಿ 'ಗೆಸ್ಟ್' ಎಂಬ ಒಂದು ಏರ್ಪಾಡಿದೆ. ಯಜಮಾನನ ಕಡತಗಳನ್ನು ಮುಟ್ಟದೆ ಅತಿಥಿ ಬೇರೆಯಾಗಿ ಆಡಿಕೊಳ್ಳಬಹುದು. ಅದನ್ನು ಹಾಕಿ ಯಂತ್ರವನ್ನು ಅತ್ತಿಗೆಗೇ ಹಿಂದಕ್ಕೆ ಕೊಟ್ಟೆ. ಈಗ ಸಂಜೆ ದೀಪ ಹಚ್ಚಿದ ಮೇಲೆ ಅವರು ಅತಿಥಿಯಾಗಿ ಕೂತು ಆಡುತ್ತಾರೆ. ಮೊನ್ನೆ ಹನ್ನೆರಡು ಸಾಲು ಅಳಿಸಿದರಂತೆ. ಉದ್ದನೆಯ ಇಟ್ಟಿಗೆ ಬೇಕಾದ ಹೊತ್ತಿಗೆ ಬರುವುದಿಲ್ಲವೆಂದು ನನ್ನಲ್ಲಿ ದೂರು ಹೇಳಿದರು.