ಚಾನ್ಸಲರರ ಕುರ್ಚಿ, ಸಮುದ್ರದ ಉಪ್ಪು

ಜರ್ಮನಿಯಲ್ಲಿ ಸರ್ಕಾರದ ಮುಖ್ಯಸ್ಥರಿಗೆ ಚಾನ್ಸಲರ್ ಎನ್ನುತ್ತಾರೆ. ಆ ಪದವಿಯನ್ನು ವೈಜ್ಞಾನಿಕ ಕಥೆಗಾರರು ಕಂಡ ಬಗೆಗೆ ಅಮೆರಿಕದ ಫಿಲಿಪ್ ಕೆ. ಡಿಕ್ 1962ರಲ್ಲಿ ಪ್ರಕಟಿಸಿದ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಕಾದಂಬರಿ ಒಳ್ಳೆಯ ಉದಾಹರಣೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಜಪಾನುಗಳೇ ಗೆದ್ದಿದ್ದರೆ ಏನಾಗುತ್ತಿತ್ತು ಎಂಬುದೇ ಅದರ ವಸ್ತು.

ಕಥೆಯಲ್ಲಿ ಹಿಟ್ಲರ್ ಬುದ್ಧಿಭ್ರಮಣೆಯಾಗಿ ಮೂಲೆ ಸೇರಿದ್ದಾನೆ. ಚಾನ್ಸಲರ್ ಬೋರ್ಮನ್ ಸಾಯುತ್ತಾನೆ. ಮುಂದೆ ಯಾರು? ಮತ ಹಾಕುವವರು ಯಾರೂ ಇಲ್ಲ. ಗೋರಿಂಗ್, ಹೈಡ್ರಿಕ್, ಗೋಬೆಲ್ಸ್ ಮೊದಲಾದವರ ಚರಿತ್ರೆಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಜಪಾನೀ ಅಧಿಕಾರಿಗಳಿಗೆ ವಿವರಿಸುವಾಗ, ಟಾಗೋಮಿ ಎಂಬ ಸಜ್ಜನ ಅಧಿಕಾರಿಗೆ ಕುಳಿತಲ್ಲೇ ಕುಳಿತಿರಲಾಗುವುದಿಲ್ಲ. ಕೊನೆಗೆ ಕುರ್ಚಿ ಗೋಬೆಲ್ಸನ ಪಾಲಾಗುತ್ತದೆ.

ಇದೇ ಆಡಳಿತ ಮೆಡಿಟರೇನಿಯನ್ ಸಮುದ್ರವನ್ನು ಬತ್ತಿಸಿ ಹೊಲ ಮಾಡಿದೆಯಂತೆ! ಇದು ಬರಿಯ ಕಲ್ಪನೆಯೂ ಅಲ್ಲ. ಜಿಬ್ರಾಲ್ಟರಿಗೆ ಅಣೆಕಟ್ಟು ಕಟ್ಟಿ ಆ ಸಮುದ್ರದ ಮಟ್ಟ ತಗ್ಗಿಸಬೇಕೆಂದು ಹರ್ಮನ್ ಸೋರ್ಗೆಲ್ ಎಂಬ ಜರ್ಮನ್ ವಾಸ್ತುಶಿಲ್ಪಿ 1920ರ ದಶಕದಲ್ಲೇ ಯೋಜನೆ ಹಾಕಿದ್ದ.

ಜೆಬೆಲ್ ಅಲಿಯಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುವ ನಾವು ಕೇಳುವ ಮೊದಲ ಪ್ರಶ್ನೆ: ಉಪ್ಪು ಎಲ್ಲಿ ಹೋಯಿತು? ಮೆಡಿಟರೇನಿಯನ್ನಿನ ಒಂದು ಲೀಟರಿನಲ್ಲಿ ಸುಮಾರು 38 ಗ್ರಾಂ ಉಪ್ಪಿದೆ. ಸರಾಸರಿ ಆಳ 1,500 ಮೀಟರ್. ನೀರೆಲ್ಲ ಆವಿಯಾದರೆ ಪ್ರತಿ ಚದರ ಮೀಟರಿಗೆ 57 ಟನ್ ಉಪ್ಪು, ಅಂದರೆ ಎಂಟು ಮಹಡಿಯ ಎತ್ತರ! ಅಲ್ಲಿ ರಾಗಿ ಹಾಗಿರಲಿ, ಗರಿಕೆಯೂ ಚಿಗುರದು.

ಈ ಲೆಕ್ಕ ಕಾಲೇಜು ಹುಡುಗನಿಗೂ ಬರುತ್ತದೆ. ಆದರೆ ಅಂಥ ಕುರ್ಚಿಯ ಮುಂದೆ ಅದನ್ನು ಹೇಳುವವರು ಯಾರು? ನಿಜ ಇತಿಹಾಸದಲ್ಲೂ ನಮ್ಮ ವೃತ್ತಿಯವರು ಹೇಳಲಿಲ್ಲ. ಐ.ಜಿ. ಫಾರ್ಬೆನ್ ಕಂಪನಿ ಆಶ್ವಿಟ್ಜ್ ಬಳಿಯ ಕೃತಕ ರಬ್ಬರ್ ಕಾರ್ಖಾನೆಗಾಗಿ ಸೆರೆಯಾಳುಗಳನ್ನು ದುಡಿಸಿತು. 1948ರಲ್ಲಿ ನ್ಯೂರೆಂಬರ್ಗಿನಲ್ಲಿ ಶಿಕ್ಷೆಯಾದವರಲ್ಲಿ ಡಾಕ್ಟರೇಟ್ ಪಡೆದ ರಸಾಯನಶಾಸ್ತ್ರಜ್ಞರೂ ಇದ್ದರು.

ಜರ್ಮನರು ಪಾಠ ಕಲಿತರು. 1949ರ ಸಂವಿಧಾನದ 67ನೆಯ ವಿಧಿಯಂತೆ, ಉತ್ತರಾಧಿಕಾರಿಯನ್ನು ಆರಿಸಿಯೇ ಸಂಸತ್ತು ಚಾನ್ಸಲರನ್ನು ಇಳಿಸಬೇಕು. 1982ರ ಅಕ್ಟೋಬರ್ 1ರಂದು ಸ್ಮಿತ್ ಇಳಿದು ಕೋಲ್ ಬಂದದ್ದು ಹೀಗೆಯೇ, ಬರಿಯ ಮತ ಎಣಿಕೆಯಿಂದ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರ ಮಾತು. ಪರದೇಶದಲ್ಲಿ ಅನ್ನ ತಿನ್ನುವ ನಮಗೆ ಅದು ಚೆನ್ನಾಗಿ ನೆನಪಿದೆ. ಆದರೆ ಲೆಕ್ಕ ತಪ್ಪಿದಾಗ ತಪ್ಪಿದೆ ಎನ್ನುವುದು ಎರಡು ಬಗೆದಂತಲ್ಲ. ತಿಂದ ಉಪ್ಪಿನ ಋಣ ತೀರುವುದು ಹಾಗೆಯೇ.