ರೇಟ್ ಹೇಳೋ ಬಾಯಿ



ನಮ್ಮಂಥ ಚಳವಳಿಗಾರರ ಲೆಕ್ಕದಾಗ ಹಳೇ ಟಾಯರ್ ಅಂದ್ರ ಬಂದ್ ದಿನ ನಡುರಸ್ತಾದಾಗ ಸುಡೋ ವಸ್ತು, ಅಷ್ಟ. ಅದಕ್ಕೂ ಒಂದು ಮಾರ್ಕೆಟ್ ಐತಿ, ಆ ಮಾರ್ಕೆಟ್ಟಿನಾಗೂ ಜಾತಿ ಐತಿ. ಅದನ್ನ ಬರೀಬೇಕು ಅಂತ ಭಾಳ ದಿನದಿಂದ ಇತ್ತು.

ನಮ್ಮಣ್ಣನ ಮಗ ಅರಭಾವಿಯಿಂದ ಘಟಪ್ರಭಾ ಕಡೆ ಹೋಗೋ ರಸ್ತಾದ ಬಾಜೂಕ, ಒಂದು ಪತ್ರಾಸಿನ ಶೆಡ್ಡಿನಾಗ ಕಾರಿನ ಹಳೇ ಅಲಾಯ್ ಗಾಲಿ, ಟಾಯರ್ ಮಾರ್ತಾನ. ಗುಜರಿ ಅಲ್ಲ ಮತ್ತ. ಕಬ್ಬಿನ ಬಿಲ್ ಬಂದ ತಿಂಗಳು ಹೊಸಾ ಕಾರ್ ತರೋರು, ಕಂಪನಿ ಗಾಲಿ ಸಣ್ಣವು ಕಾಣ್ತಾವು ಅಂತ ಬಿಚ್ಚಿಸಿ ದೊಡ್ಡವು ಹಾಕಿಸ್ತಾರ. ಬಿಚ್ಚಿದ್ದು ಸಾವಿರ ಕಿಲೋಮೀಟರೂ ಓಡಿರಂಗಿಲ್ಲ. ಅದು ಇವನ ಮಾಲು. ಅದನ್ನ ಕೊಳ್ಳೋರು ಬಾಡಿಗಿ ಗಾಡಿಯವರು, ಮಾಸ್ತರರು, ಹಳೇ ಸ್ವಿಫ್ಟ್ ಇಟ್ಟವರು.

ಹುಡುಗ ಟಾಯರ್ ಓದೋದನ್ನ ನೀವು ನೋಡಬೇಕು. ಬಿಎ ಓದಿದ ನಾನು ಹಂಗ ಪುಸ್ತಕ ಓದಿಲ್ಲ. ಬಾಜೂದಾಗ ಅಚ್ಚಾದ ನಾಕು ಅಂಕಿ ಮೊದಲು ನೋಡ್ತಾನ: 2319 ಅಂದ್ರ 2019ರ 23ನೇ ವಾರ ತಯಾರಾಗಿದ್ದು. ಕರೇ ಪಾಲಿಶ್ ಹೊಡೆದು ಎಷ್ಟ ಹೊಸಾದು ಮಾಡಿದ್ರೂ ಆ ಅಂಕಿ ಸುಳ್ಳು ಹೇಳಂಗಿಲ್ಲ. ಗೀರುಗಳ ನಡುವ ಸಣ್ಣ ದಿಬ್ಬ ಇರ್ತಾವು, ಟಾಯರ್ ಸವೆದು ಅದರ ಸಮ ಬಂತು ಅಂದ್ರ 1.6 ಮಿಲಿಮೀಟರ್ ಉಳಿದೈತಿ, ಮುಗೀತು. ಅಲಾಯ್ ಗಾಲಿ ಆದ್ರ ಒಳಅಂಚಿನ ಮ್ಯಾಲ ಬೆರಳಾಡಿಸ್ತಾನ, ವೆಲ್ಡಿಂಗ್ ಮಾಡಿ ಬಣ್ಣ ಹೊಡೆದಿದ್ರ ಕೈಗೆ ಹತ್ತತೈತಿ. ಆಮೇಲೆ ಪಾನಾದಿಂದ ಒಂದು ಏಟು. ಗಟ್ಟಿ ಇದ್ದದ್ದು ಗಂಟಿ ಹಂಗ ನುಡೀತೈತಿ, ಬಿರುಕು ಬಿಟ್ಟದ್ದು ಬದ್ ಅಂತೈತಿ. ಸ್ವಿಫ್ಟಿಗೆ ನಾಕು ಬೋಲ್ಟ್, 100 ಮಿಲಿಮೀಟರ್ ಸುತ್ತು. ಕ್ರೆಟಾಕ್ಕ ಐದು, 114.3. ಒಂದರದ್ದು ಇನ್ನೊಂದಕ್ಕ ಕೂಡಂಗಿಲ್ಲ. ಐದು ವರ್ಷ ದಾಟಿದ ಟಾಯರ್ ರೋಡಿಗೆ ಕೊಡಂಗೇ ಇಲ್ಲ, ರಬ್ಬರ್ ಬುಟ್ಟಿ ಮಾಡೋರಿಗೆ ಹಾಕ್ತಾನ. ಆ ಬುಟ್ಟಿ ಮತ್ತ ಮಣ್ಣು ತುಂಬ್ಕೊಂಡು ನಮ್ಮ ಓಣಿ ಹೆಣ್ಮಕ್ಕಳ ತಲಿ ಮ್ಯಾಲನ ಬರ್ತಾವು, ಆ ಮಾತು ಬ್ಯಾರೆ.

ಇಷ್ಟೆಲ್ಲಾ ಹೇಳಿ ಅವನು ಕಡೀಕ ಒಂದು ರೇಟ್ ಹೇಳ್ತಾನ. ನನಗೆ ಹೊಸದು ಅನ್ನಿಸಿದ್ದು ಅದು.

ನಮ್ಮಜ್ಜ ರೇಟ್ ಹೇಳಿದವನಲ್ಲ. ಊರಿಗೆ ಮಿಣಿ, ಬಾರಕೋಲು, ಬಾವಿಯಿಂದ ನೀರೆತ್ತುವ ತೊಗಲ ಚೀಲ ಹೊಲಿದು ಕೊಡುತ್ತಿದ್ದ. ಸುಗ್ಗಿಗೆ ಕಣದ ಅಂಚಿನಲ್ಲಿ ನಿಂತರೆ ಆಯ ಅಂತ ಕಾಳು ಹಾಕುತ್ತಿದ್ದರು. ಎಷ್ಟು ಅಂತ ನಿರ್ಧರಿಸುವುದು ಹಾಕುವ ಕೈ, ಉಡಿ ಒಡ್ಡುವ ಕೈಯಲ್ಲ. ವರ್ಷವಿಡೀ ದುಡಿದ ವಸ್ತುವಿಗೆ ಬೆಲೆ ಅಂತ ಒಂದು ಇತ್ತೇ ಅನ್ನೋದು ನಮ್ಮಜ್ಜಗ ಗೊತ್ತಾಗಲೇ ಇಲ್ಲ. ಹಳೇ ಅಂಗಿ, ತಂಗಳ ರೊಟ್ಟಿ, ಸತ್ತ ದನ, ಊರಿಗೆ ಬ್ಯಾಡಾದದ್ದೆಲ್ಲ ನಮ್ಮ ಓಣಿಗೆ ಇಳಿದು ಬರುತ್ತಿತ್ತು. ಮ್ಯಾಲೆ ಹೋದದ್ದಿಲ್ಲ. ಈಗ ಅಜ್ಜನ ಮರಿಮಗ ಊರಿನ ಹಳೇದನ್ನ ರೊಕ್ಕ ಕೊಟ್ಟು ಕೊಳ್ತಾನ, ಲಾಭ ಇಟ್ಟು ಊರಿಗೇ ಮಾರ್ತಾನ.

ಸುಲಭಕ್ಕ ಆಗಿದ್ದಲ್ಲ. ಮೂರು ಕಡೆ ಜಾಗ ಕೇಳಿದ್ವಿ. ಮೂರೂ ಕಡೆ ಮೊದಲು ಚಾ, ಆಮೇಲೆ “ಅಡ್ಡಹೆಸರು ಏನ್ರಿ?”, ಅದಾದ ಮ್ಯಾಲ “ನಮ್ಮ ತಮ್ಮನ ಇಲ್ಲಿ ಅಂಗಡಿ ಹಾಕಾಂವ ಅದಾನ್ರಿ”. ದಲಿತರು ವ್ಯಾಪಾರ ಮಾಡೋದನ್ನ ತಡೆದ್ರ, ಆರ್ಥಿಕ ಬಹಿಷ್ಕಾರ ಹಾಕಿದ್ರ ಅಪರಾಧ ಅಂತ ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಸ್ಪಷ್ಟ ಐತಿ, 2016ರ ಜನವರಿ 26ರಿಂದ ಜಾರಿಯಾಗೈತಿ. ಆದ್ರ ಚಾ ಕುಡಿಸಿ ಕಳಿಸಿದವರ ಮ್ಯಾಲ ಏನಂತ ಬರಕೊಡ್ತೀರಿ? ಕಡೀಕ ಪಂಕ್ಚರ್ ತೆಗೆಯೋ ಚಾಚಾ ಒಬ್ಬರು ತಮ್ಮ ಶೆಡ್ಡಿನ ಅರ್ಧ ಬಿಟ್ಟುಕೊಟ್ರು. ಕೆಲಸ ಕಲಿಸಿದವರೂ ಅವರೇ.

ಸಾಲಕ್ಕ ಓಡಾಡಿದ್ದು ನಾನು, ಗುಮಾಸ್ತಗ ಫೈಲು ಹೊಸದಲ್ಲ. 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಪರಿಶಿಷ್ಟರಿಗೆ, ಮಹಿಳೆಯರಿಗೆ ಅಂತಲೇ ಬಂದದ್ದು, ಆದ್ರ ಅದರ ಸಾಲ ಸುರುವಾಗ್ತಿದ್ದದ್ದ 10 ಲಕ್ಷದಿಂದ. ನಮಗ ಬೇಕಾಗಿದ್ದು ಎರಡು ಲಕ್ಷ. ಮುದ್ರಾ ಕೇಳಿದ್ರ ಬ್ಯಾಂಕಿನವರು “ಕೊಟೇಶನ್ ತರ್ರಿ” ಅಂದ್ರು. ತನ್ನ ಕಾರಿನ ಗಾಲಿ ಬಿಚ್ಚಿ ಮಾರೋ ಮನುಷ್ಯ ಎಲ್ಲಿಂದ ಕೊಟೇಶನ್ ಕೊಡ್ತಾನ? ಕಡೀಕ ಅತ್ತಿಗೆಯ ಮಹಿಳಾ ಸಂಘದ ರೊಕ್ಕದಾಗ ಸುರುವಾತು.

ಅಂಗಡಿ ತೆರೆದ ಮೊದಲ ವಾರನ ಖಾಕಿ ಹಾಕ್ಕೊಂಡವರು ಒಬ್ಬರು ಬಂದು “ಎಲ್ಲಿ ಎತ್ತಿದ್ದಲೇ ಇವು?” ಅಂದ್ರು. ಅವತ್ತಿನಿಂದ ಮಾಲು ಕೊಡೋರ ಹತ್ರ ಆರ್‌ಸಿ, ಆಧಾರ್ ಜೆರಾಕ್ಸ್, ಸಹಿ ಮಾಡಿದ ಚೀಟಿ ಇಲ್ಲದ ಒಂದು ನಟ್ಟೂ ಇವನು ತಗೊಳ್ಳಂಗಿಲ್ಲ.

ಶೆಡ್ಡಿನಾಗ ಬಾಬಾಸಾಹೇಬರ ಫೋಟೋ ಐತಿ. ತೆಗೀ, ಗಿರಾಕಿ ಹೋಗ್ತಾರ ಅಂತ ನಮ್ಮವರೇ ಹೇಳಿದ್ರು. ತೆಗೀಲಿಲ್ಲ. ಒಬ್ಬ ಸಾವಕಾರರು ಫೋನಿನಾಗ “ಹೌದ್ರಿ ಸರ್, 18 ಸಾವಿರಕ್ಕ ಮುಗಸೂಣ್ರಿ” ಅಂದವರು ಶೆಡ್ಡಿಗೆ ಬಂದ್ರು, ಫೋಟೋ ನೋಡಿದ್ರು. “ಏನಲೇ ತಮ್ಮಾ, 15 ತಗೋ” ಅಂದ್ರು. ಗಾಲಿ ಅವೇ, ಟಾಯರ್ ಅವೇ. ‘ರೀ’ ಹೋಗಿ ‘ಲೇ’ ಬಂದದ್ದಕ್ಕ ಮೂರು ಸಾವಿರ ಕಡಿಮಿ. ಹುಡುಗ, “18 ರೀ ಅಣ್ಣಾರ” ಅಂದ, ಅಷ್ಟ. ಅವರು ಹೋದ್ರು. ನಾಕನೇ ದಿನಕ್ಕ ತಿರುಗಿ ಬಂದು ಸ್ಕ್ಯಾನ್ ಮಾಡಿದ್ರು. ಗ್ವಾಡಿಗೆ ಹಾಕಿದ ಡಬ್ಬಿ ಹದಿನೆಂಟು ಸಾವಿರ ಜಮಾ ಆತು ಅಂತ ಶೆಡ್ಡಿಗೆಲ್ಲ ಕೇಳೂವಂಗ ಒದರಿತು.

ನಮ್ಮಿಂದ ಕೊಲ್ಲಾಪುರ ದೂರ ಏನಿಲ್ಲ. ಸವರ್ಣರ ನೀರು ಮುಟ್ಟಿದ್ದಕ್ಕ ಹೊಡೆಸಿಕೊಂಡ ಗಂಗಾರಾಮ ಕಾಂಬಳೆಗೆ ಶಾಹು ಮಹಾರಾಜರು ಅಲ್ಲೇ ಚಾದಂಗಡಿ ಹಾಕಿಸಿ ಕೊಟ್ರು. ಭಾಷಣದಾಗ ನಾವು ಇಷ್ಟಕ್ಕ ನಿಲ್ಲಿಸ್ತೀವಿ. ಅಂಗಡಿ ಹಾಕಿಸಿದ್ದಕ್ಕಿಂತ ದೊಡ್ಡದು ಅಂದ್ರ, ಮಹಾರಾಜರು ತಾವೇ ಅಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿದ್ರು, ಜೋಡಿ ಇದ್ದವರಿಗೂ ಕುಡಿಸಿದ್ರು. ನಮ್ಮ ಕಾರ್ಯಕರ್ತರು ಇವನ ಶೆಡ್ಡಿಗೆ ಬಂದು ಏನಂತಾರ ಗೊತ್ತೇನು? “ನಮ್ಮಾಂವ ಅಲ್ಲೇನೋ, ಅರ್ಧಾ ರೇಟಿಗೆ ಕೊಡು.”

ಸದ್ಯ ಸ್ವಿಫ್ಟಿಗೆ ಕೂಡೋ 15 ಇಂಚಿನ ಒಂದು ಸೆಟ್ ಬಂದೈತಿ, ಟಾಯರ್ 185/65, ನಾಕೂ ಒಂದೇ ತಿಂಗಳಿನವು. ಒಂದರ ಅಂಚಿಗೆ ಗೀರು ಐತಿ, ಫೋಟೋದಾಗ ಕಾಣ್ತೈತಿ ನೋಡ್ರಿ. ಬೇಕಾದವರು ಇನ್‌ಬಾಕ್ಸಿಗೆ ಬರ್ರಿ, ನಂಬರ್ ಕೊಡ್ತೀನಿ. ರೇಟ್ ಮಾತ್ರ ಅವನ್ನ ಕೇಳ್ರಿ.